ತೆನೆಯ ಕೆಳಗಿನ ರೆಕ್ಕೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನೇ ಒಪ್ಪಿಕೊಂಡು ಹೇಳುವ ಮಾತು. ಮನೆಯವರು ಹೇಳುವುದು ಇನ್ನೂ ಖಾರವಾಗಿರುತ್ತದೆ. ಒಂದು ದೀಪಾವಳಿಯಲ್ಲಿ ಆ ಸಿಟ್ಟೆಲ್ಲ ಅವ್ವನ ಮೇಲೆ ಬಿತ್ತು. ಕಾರಣ ಒಂದು ಬೆಳ್ಳಿ ನಾಣ್ಯ, ಅದೂ ನಮ್ಮದಲ್ಲದ್ದು.

ನಾಣ್ಯ ಪಕ್ಕದ ಮನೆಯ ಅಂಕಲ್‌ದು. ಪರದೇಶದ ಈ ಹೆಂಡರ್ಸನ್ ಊರಿನಲ್ಲಿ ನಾವು ಮನೆ ಮಾಡಿದಾಗಿನಿಂದ ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುವ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ ನಿವೃತ್ತ ಮೇಷ್ಟ್ರು ಅವರು. ಹಳೇ ಗ್ರೀಕ್ ನಾಣ್ಯವೆಂದರೆ ಪ್ರಾಣ. ಇಟಲಿಯ ದಕ್ಷಿಣದಲ್ಲಿ ಮೆಟಪಾಂಟಮ್ ಎಂಬ ಗ್ರೀಕರ ಊರಿತ್ತಂತೆ. ಅಲ್ಲಿಯವರ ನಾಣ್ಯದ ಗುರುತು ಜವೆಗೋಧಿಯ ತೆನೆ. ಬೆಳ್ಳಿ ಕರಗಿಸಿ ಹೊಸದಾಗಿ ಬಿಲ್ಲೆ ಎರೆಯುವ ಉಸಾಬರಿ ಯಾರಿಗೆ ಬೇಕೆಂದು, ಅವರು ಕೊರಿಂತ್ ಊರಿನಿಂದ ಬಂದ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಇಟ್ಟು ಸುತ್ತಿಗೆಯಿಂದ ಬಡಿದುಬಿಡುತ್ತಿದ್ದರು. ಕೊರಿಂತ್‌ನವರ ಗುರುತು ರೆಕ್ಕೆಯ ಕುದುರೆ. ಏಟು ಸರಿಯಾಗಿ ಕೂರದ ಕಡೆ ಆ ಹಳೇ ಕುದುರೆ ಇಷ್ಟಿಷ್ಟೇ ಇಣುಕುತ್ತದೆ.

ಅಂಕಲ್ ನಾಣ್ಯದಲ್ಲಿ ತೆನೆಯ ಪಕ್ಕ ಮೂರು ಸಣ್ಣ ಗೆರೆಗಳಿದ್ದವು. ಅದು ರೆಕ್ಕೆ ಎಂಬುದು ಅವರ ವಾದ. ಅವರ ನಾಣ್ಯದ ಕ್ಲಬ್ಬಿನಲ್ಲಿ ಒಬ್ಬ ಹಟಮಾರಿ, “ರೆಕ್ಕೆಯೂ ಇಲ್ಲ, ಪುಕ್ಕವೂ ಇಲ್ಲ, ಕೊಳೆ ಕೂತಿದೆ” ಎಂದು ವರ್ಷಗಟ್ಟಲೆ ಚುಡಾಯಿಸುತ್ತಿದ್ದ. ತೊಳೆದು ನೋಡೋಣವೆಂದರೆ ತೊಳೆಯುವಂತಿಲ್ಲ. ಹಳೇ ಬೆಳ್ಳಿಗೆ ಆ ಕಪ್ಪು ಬಣ್ಣವೇ ಮರ್ಯಾದೆಯಂತೆ. ಭಾನುವಾರದ ಸಭೆಯಲ್ಲಿ ದೊಡ್ಡ ಫೋಟೋ ತೋರಿಸಿ ಅವನ ಬಾಯಿ ಮುಚ್ಚಿಸಬೇಕೆಂದು ಅಂಕಲ್‌ಗೆ ಆಸೆ. ಆದರೆ ಅವರ ಕೈ ನಡುಗುತ್ತದೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತದ ಸ್ಲೈಡ್ ನೋಡುವವಳು, ಬಿಡುವಿದ್ದಾಗ ಹಿತ್ತಲಿನ ಹುಳುಹುಪ್ಪಟೆಯ ಫೋಟೋ ತೆಗೆಯುವವಳು. “ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆಯಿದೆ” ಎಂದು ಶುಕ್ರವಾರ ನಾಣ್ಯವನ್ನು ನನ್ನ ಕೈಗಿಟ್ಟರು.

ಶನಿವಾರ ಅಮಾವಾಸ್ಯೆ, ಲಕ್ಷ್ಮೀಪೂಜೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದು ನೋಡುತ್ತೇನೆ, ದೇವರ ಮುಂದಿನ ತಟ್ಟೆಯಲ್ಲಿ ನಮ್ಮ ಬೆಳ್ಳಿ ಸಾಮಾನಿನ ನಡುವೆ ಅದು ಫಳಫಳ ಹೊಳೆಯುತ್ತ ಕುಳಿತಿದೆ! ಮೇಲೆ ಅರಿಸಿನ ಕುಂಕುಮ ಬೇರೆ.

“ಅವ್ವಾ! ಇದನ್ನ ಯಾಕ ಮುಟ್ಟಿದಿ?”

“ಕರ್ರಗಾಗಿ ಕುಂತಿತ್ತವಾ. ಮ್ಯಾಲ ತೆನಿ ಐತಿ, ಚಲೋ ಲಕ್ಷಣ. ಹಬ್ಬದ ದಿನ ಲಕ್ಷ್ಮೀ ಮುಂದ ಹೊಲಸ ಬೆಳ್ಳಿ ಇಡಾಕ ಬರತೈತೇನು? ವಿಭೂತಿ ಹಚ್ಚಿ ತಿಕ್ಕೀನಿ.”

ನಮ್ಮ ಕಡೆ ಬೆಳ್ಳಿಗೆ ಅದೇ ಔಷಧ, ಹಬ್ಬ ಬಂತೆಂದರೆ ಮನೆಯ ಬೆಳ್ಳಿಯೆಲ್ಲ ವಿಭೂತಿಯಲ್ಲಿ ಮೀಯಲೇಬೇಕು. ಅದು ಗೊತ್ತಿದ್ದೂ ನಾಣ್ಯವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಕೆಲಸಕ್ಕೆ ಹೋದವಳು ನಾನು. ಆಗ ಅದೆಲ್ಲಿ ನೆನಪಾಗಬೇಕು? ಕೂಗಾಡಿದೆ. “ಎರಡ ಸಾವಿರ ವರ್ಷದಾಗ ಯಾರೂ ಮಾಡದ ಹಾಳ ಕೆಲಸ ನೀ ಒಂದ ಮುಂಜಾನ್ಯಾಗ ಮಾಡಿದಿ!” ಎಂದುಬಿಟ್ಟೆ. ಅವ್ವನ ಮುಖ ಸಣ್ಣದಾಯಿತು. ಸೆರಗಿನಿಂದ ಕೈ ಒರೆಸಿಕೊಂಡು, “ನಡಿ, ನಾನಽ ಹೇಳತೀನಿ ಅವರಿಗೆ” ಎಂದು ಚಪ್ಪಲಿ ಮೆಟ್ಟಿದಳು. ಇಂಗ್ಲಿಷಿನಲ್ಲಿ ಅವಳಿಗೆ ಬರುವುದು ಥ್ಯಾಂಕ್ಯೂ ಒಂದೇ.

ಅಂಕಲ್ ಬಾಗಿಲು ತೆಗೆದ ಕೂಡಲೇ ನಾನು ಒಂದೇ ಉಸಿರಿಗೆ ಎಲ್ಲ ಒದರಿದೆ. ಅವ್ವ ಕೈಮುಗಿದು ನಿಂತಳು. ಅವರು ನಾಣ್ಯ ನೋಡಿ ಕುಗ್ಗಿಹೋದರು. “ಕಪ್ಪೆಲ್ಲ ಹೋಯಿತು” ಎಂದಷ್ಟೇ ಹೇಳಿ, ಕಿಟಕಿಯ ಹತ್ತಿರ ಹೋಗಿ, ಭೂತಗನ್ನಡಿ ಹಿಡಿದು ನಾಣ್ಯವನ್ನು ಬೆಳಕಿಗೆ ಓರೆಯಾಗಿಸಿದರು. ಭಾನುವಾರದ ಸಭೆಯೂ ಹೋಯಿತು, ಇಷ್ಟು ವರ್ಷದ ನೆರೆಹೊರೆಯೂ ಹೋಯಿತು ಅಂದುಕೊಂಡೆ.

“ಬಾ ಇಲ್ಲಿ, ಬೇಗ ಬಾ.”

ಬಗ್ಗಿ ನೋಡಿದೆ. ಕೊಳೆ ಪೂರ್ತಿ ಹೋಗಿತ್ತು, ಗೆರೆಗಳು ಹೋಗಿರಲಿಲ್ಲ. ಮೂರಿದ್ದದ್ದು ಈಗ ಐದು ಕಾಣುತ್ತಿದ್ದವು, ಒಂದರ ಪಕ್ಕ ಒಂದು, ಅಚ್ಚುಕಟ್ಟಾದ ಗರಿಗಳು.

“ಕೊಳೆಯಂತೆ ಕೊಳೆ!” ಅಂಕಲ್ ತೊಡೆ ತಟ್ಟಿಕೊಂಡು ನಕ್ಕರು. “ತೊಳೆದರೆ ಎಲ್ಲಿ ರೆಕ್ಕೆಯೂ ಹೋಗಿಬಿಡುತ್ತದೋ ಅಂತ ಇಷ್ಟು ವರ್ಷ ಹೆದರಿಕೊಂಡೇ ಕೂತಿದ್ದೆ. ನಾಣ್ಯದ ಬೆಲೆ ಇಳಿಯಿತು, ಇಳಿಯಲಿ ಬಿಡು. ನಾಳೆ ಅವನು ಏನು ಹೇಳುತ್ತಾನೋ ನೋಡುತ್ತೇನೆ.”

ನಾಣ್ಯದ ಯಜಮಾನ ಒಂದು ಗಡಸು ಮಾತೂ ಆಡಲಿಲ್ಲ. ಹಬ್ಬದ ದಿನ ಹೆತ್ತ ತಾಯಿಯ ಮೇಲೆ ಕಿರುಚಿದವಳು ನಾನು. ನಾಚಿಕೆಯಿಂದ ಅವ್ವನ ಕಡೆ ನೋಡಲಾಗಲಿಲ್ಲ.

ಅಂಕಲ್ ಒಳಗೆ ಹೋಗಿ ಒಂದು ಮರದ ಡಬ್ಬಿ ತಂದರು. ತುಂಬ ಬೆಳ್ಳಿ ಚಮಚಗಳು, ಎಲ್ಲ ಕಪ್ಪಿಟ್ಟಿದ್ದವು. “ನನ್ನ ಹೆಂಡತಿಯವು. ಪ್ರತಿ ಕ್ರಿಸ್‌ಮಸ್‌ಗೆ ಅವಳೇ ಉಜ್ಜುತ್ತಿದ್ದಳು. ಅವಳು ಹೋದಮೇಲೆ ಡಬ್ಬಿ ತೆಗೆಯಲು ಮನಸ್ಸಾಗಲಿಲ್ಲ. ನಿನ್ನಮ್ಮನನ್ನು ಕೇಳುತ್ತೀಯಾ?”

ನಾನು ಕೇಳುವಷ್ಟರಲ್ಲಿ ಅವ್ವ ಒಂದು ಚಮಚ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು.

“ನೋಡಕೋತ ನಿಂತಿಯಲ್ಲ, ಮನಿಗೆ ಹೋಗಿ ವಿಭೂತಿ ಗಟ್ಟಿ ತೊಗೊಂಡ ಬಾ.”

“ಅವ್ವಾ, ನಂದು ತಪ್ಪಾತು.”

“ಅದನ್ನ ತಿಕ್ಕೋತ ಹೇಳು. ಬಾಳ ಚಮಚ ಅದಾವು.”