ಎಡಗಡೆಯ ಕುಳಿ

ನನ್ನ ಅಪ್ಪನ ಕೊರಳ ಬುಡದಲ್ಲಿ, ಎಡಗಡೆಗೆ, ಇಲ್ಲದ ಕುಳಿಯೊಂದನ್ನು ನಾನು ಚಾರ್ಕೋಲಿನಿಂದ ಬರೆದೆ. ಆ ಚಿತ್ರಕ್ಕೆ ನಮ್ಮ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಅದಾಗಿ ಹತ್ತು ತಿಂಗಳಿಗೆ ಅಪ್ಪ ತೀರಿಕೊಂಡ. ಇಷ್ಟನ್ನು ಒಂದರ ಪಕ್ಕ ಒಂದಿಟ್ಟು ಬರೆಯಲು ನನಗೆ ಮೂರು ವರ್ಷ ಹಿಡಿಯಿತು.

ಅಪ್ಪ ಇಳಕಲ್ಲಿನಲ್ಲಿ ಟೇಲರ್ ಆಗಿದ್ದ. ಊರಿಗೆ ಊರೇ ಸೀರೆಯ ಮಾತಾಡುವಾಗ ಅವನು ಮಾತ್ರ ಗಂಡಸರ ಅಂಗಿ, ಪೈಜಾಮ, ಮದುವೆಯ ಕೋಟು ಹೊಲಿದುಕೊಂಡು ಕೂತಿದ್ದ. ಟೇಪು ಕೈಗೆ ಬಂದರೆ ಬಾಯಿ ಬಂದ್. ಎರಡೂ ಹೆಗಲು ಸಮ ಇರುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಅವನಿಗೆ ಗೊತ್ತಿತ್ತು. ಒಬ್ಬನಿಗೆ ಬಲಗಡೆ ಇಳಿದಿರುತ್ತದೆ, ಇನ್ನೊಬ್ಬನಿಗೆ ಬೆನ್ನು ಗೂನಾಗಿರುತ್ತದೆ, ಮತ್ತೊಬ್ಬನ ಒಂದು ಕೈ ಅರ್ಧ ಇಂಚು ಉದ್ದ. ಅದನ್ನು ಗಿರಾಕಿಗೆ ಹೇಳುವ ಪದ್ಧತಿ ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಇಳಿದ ಕಡೆ ಅಸ್ತರಿನೊಳಗೆ ಬಟ್ಟೆಯ ಒಂದು ಮಡಿಕೆ ಹೆಚ್ಚಿಗೆ ಇಟ್ಟು ಹೊಲಿದುಬಿಡುತ್ತಿದ್ದ. ಗಿರಾಕಿ ಕನ್ನಡಿಯ ಮುಂದೆ ನಿಂತು, ತನ್ನ ಮೈಯೇ ನೆಟ್ಟಗಿದೆ ಎಂದು ಹಿಗ್ಗುತ್ತಿದ್ದ.

"ಮೈ ಹೆಂಗರ ಇರಲಿ, ಅಂಗಿ ನೆಟ್ಟಗ ಕುಂಡ್ರಬೇಕು," ಎನ್ನುತ್ತಿದ್ದ ಅಪ್ಪ. "ಮಂದಿ ಮೈಯಾಗಿನ ಐಬು ಬಾಯಿಲೆ ಆಡಬಾರದು."

ಆ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಮಾಡುತ್ತ ಬೆಳೆದವಳು ನಾನು. ಬೇರೆ ಏನು ಕಲಿತೆನೋ ಇಲ್ಲವೋ, ಐಬು ಮುಚ್ಚುವುದನ್ನು ಚೆನ್ನಾಗಿ ಕಲಿತೆ.

ಪಿಯುಸಿ ಮುಗಿಸಿ ಚಿತ್ರಕಲೆ ಓದುತ್ತೇನೆ ಎಂದಾಗ ನಮ್ಮ ಸೋದರತ್ತೆ, "ರಂಗೋಲಿ ಹಾಕಾಕ ಕಾಲೇಜು ಯಾಕ ಬೇಕು?" ಎಂದು ನಕ್ಕಳು. ಅಪ್ಪ ಬಸ್ ಪಾಸ್ ಮಾಡಿಸಿ ತಂದ. ದಿನಾ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಹೋಗಿ, ಕೈ ಮೂಗೆಲ್ಲ ಕಪ್ಪು ಮಾಡಿಕೊಂಡು ಸಂಜೆಗೆ ತಿರುಗಿ ಬರುತ್ತಿದ್ದೆ. ಇದ್ದಿಲು ಮಾರುವವಳ ಹಾಗೆ ಕಾಣುತ್ತೀ ಎಂದು ಅವ್ವ ಬೈಯುತ್ತಿದ್ದಳು.

ಮೊದಲ ವರ್ಷ ನಮ್ಮ ಸರ್ ಬಾದಾಮಿಯ ಗುಹೆಗಳಿಗೆ ಕರೆದೊಯ್ದು ದೇವರನ್ನು ಬರೆಸಿದರು. ಆ ಮೈಗಳಲ್ಲಿ ಒಂದು ಎಲುಬು ಕಾಣುವುದಿಲ್ಲ, ಒಂದು ನರ ಕಾಣುವುದಿಲ್ಲ. ಎಲ್ಲ ದುಂಡಗೆ, ಆಗತಾನೇ ಉಸಿರು ಎಳೆದುಕೊಂಡು ನಿಂತಂತೆ. ನಾನು ಎರಡು ದಿನದಲ್ಲಿ ಹತ್ತು ಹಾಳೆ ತುಂಬಿಸಿದೆ. ಸರ್ ನೋಡಿ, "ಇವಕ್ಕ ಹಸಿವಿಲ್ಲ, ಬ್ಯಾನಿ ಇಲ್ಲ. ಬರೆಯೂದು ಹಗರ. ಮುಂದಿನ ವರ್ಷ ಮನುಷ್ಯಾರನ್ನ ಬರೀಬೇಕು, ಆವಾಗ ತಿಳಿತೈತಿ," ಎಂದರು.

ಎರಡನೆಯ ವರ್ಷ ಗೋಡೆಗೆ ಎಲುಬಿನ ಚಾರ್ಟು ಬಂತು. ಸರ್ ನಮ್ಮ ನಮ್ಮ ಮೈಯನ್ನೇ ಮುಟ್ಟಿ ನೋಡಲು ಹೇಳಿದರು. ಕೊರಳೆಲುಬು ಎಲ್ಲಿ ಶುರುವಾಗುತ್ತದೆ, ಹೆಗಲಿಗೆ ಎಲ್ಲಿ ಸೇರುತ್ತದೆ, ಅದರ ಮೇಲೆ ಎರಡೂ ಕಡೆ ಹೆಬ್ಬೆರಳು ಹಿಡಿಸುವಷ್ಟು ಕುಳಿ ಹೇಗೆ ಬೀಳುತ್ತದೆ. ನಾನು ಅದನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಬಸ್ಸಿನಲ್ಲಿ ಎದುರು ಕೂತವರ ಎಲುಬು ಎಣಿಸುತ್ತಿದ್ದೆ. ಅರ್ಧ ತುಂಬಿದ ಕೊಡ ಎಷ್ಟು ತುಳುಕಬೇಕೋ ಅಷ್ಟು ತುಳುಕುತ್ತಿದ್ದೆ. ಸರ್ ಮಾತ್ರ ದಿನಕ್ಕೆ ನಾಲ್ಕು ಸಲ ಒಂದೇ ಮಾತು ಹೇಳುತ್ತಿದ್ದರು: "ಕಂಡದ್ದು ಬರೀರಿ. ತಿಳಿದದ್ದು ಬರೀಬ್ಯಾಡ್ರಿ." ಅದು ಬೇರೆಯವರಿಗೆ ಹೇಳಿದ್ದು ಎಂದು ನಾನು ತಿಳಿದಿದ್ದೆ.

ನಮಗೆ ಮಾಡೆಲ್ ಆಗಿ ಬರುತ್ತಿದ್ದವನು ಬಸ್ ಸ್ಟ್ಯಾಂಡಿನ ಒಬ್ಬ ಮುದುಕ ಹಮಾಲ. ದೀಪಾವಳಿ ಕಳೆದ ಮೇಲೆ ಮಗಳ ಊರಿಗೆ ಹೋದವನು ತಿರುಗಿ ಬರಲಿಲ್ಲ. ನಿಮ್ಮ ನಿಮ್ಮ ಮನೆಯ ಹಿರಿಯರು ಯಾರಾದರೂ ಕೂರಲು ಒಪ್ಪಿದರೆ ಕರೆತನ್ನಿ ಎಂದರು ಸರ್. ಊಟಕ್ಕೆ ಕೂತಾಗ ಇದನ್ನು ನಗೆಮಾತಿನಂತೆ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತ, "ನಾ ಬರ್ತೇನಿ," ಎಂದ.

ನನಗೆ ನಂಬಲಾಗಲಿಲ್ಲ. ಏಪ್ರಿಲ್ ಬಿಸಿಲಲ್ಲೂ ಗಿರಾಕಿಗಳ ಮುಂದೆ ಅಂಗಿಯ ಮೇಲಿನ ಗುಂಡಿ ತೆಗೆಯದ ಮನುಷ್ಯ ಅವನು.

"ಅಂಗಿ, ಬನೀನು ಬಿಚ್ಚಿ ಕುಂಡ್ರಬೇಕಾಗತೈತಪ್ಪಾ. ಹುಡುಗ್ಯಾರೂ ಇರ್ತಾರ."

"ಗೊತ್ತೈತಿ."

"ಎರಡು ತಾಸು ಅಳಗಾಡಬಾರದು."

"ಮಷೀನಿನ ಮುಂದ ಮೂವತ್ತು ವರ್ಷ ಕುಂತವ ನಾ. ಎರಡು ತಾಸೇನು ದೊಡ್ಡದು?"

ಖರೆ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಗೆಳತಿಯರ ಮುಂದೆ ಅಪ್ಪ ಬರಿಮೈಯಲ್ಲಿ ಕೂರುವುದೆಂದರೆ ಹೇಗೆ? ಬಸ್ಸಿನಲ್ಲಿ ಅವನ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತೆ. ಅದು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ತರಗತಿಗೆ ಹೋದಾಗ ಸರ್ ಎದ್ದು ನಿಂತು, "ಬರ್ರಿ ಯಜಮಾನ್ರ, ಇಲ್ಲಿ ಕುಂಡರ್ರಿ," ಎಂದು ಕಿಟಕಿಯ ಹತ್ತಿರ ಸ್ಟೂಲು ಹಾಕಿದರು. ಅಪ್ಪ ಅಂಗಿ ಕಳಚಿ, ಇಸ್ತ್ರಿ ಮುರಿಯದಂತೆ ಮಡಿಚಿ, ತೊಡೆಯ ಮೇಲೆ ಕೈಯಿಟ್ಟು ಕೂತ. ಅವನ ಮೈ ನಾನು ತಿಳಿದದ್ದಕ್ಕಿಂತ ಬಡಕಲಾಗಿತ್ತು. ಆದರೆ ಐದು ನಿಮಿಷ ಕಳೆದ ಮೇಲೆ ಅವನು ನನಗೆ ಅಪ್ಪನಾಗಿ ಉಳಿಯಲಿಲ್ಲ. ಹೆಗಲು, ಪಕ್ಕೆಲುಬು, ಬೆಳಕು, ನೆರಳು, ಇಷ್ಟೇ. ಕಣ್ಣು ಅರ್ಧ ಮುಚ್ಚಿ, ಪೆನ್ಸಿಲ್ ಮುಂದೆ ಹಿಡಿದು ಅಳತೆ ತೆಗೆಯುತ್ತ ಬರೆದೆ.

ಕೊರಳ ಹತ್ತಿರ ಬಂದಾಗ ಕೈ ನಿಂತಿತು. ಬಲಗಡೆ ಕೊರಳೆಲುಬಿನ ಮೇಲೆ ಕುಳಿ ಕಪ್ಪಗೆ, ಸ್ಪಷ್ಟವಾಗಿ ಇತ್ತು. ಎಡಗಡೆ ಇರಲಿಲ್ಲ. ಅಲ್ಲಿ ಚರ್ಮ ಬಿಗಿಯಾಗಿ, ಚೂರು ಮೇಲೆದ್ದಂತೆ ಇತ್ತು. ನಾನು ಅದನ್ನು ಕಂಡೆ. ಕಾಣಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಮೊದಲು ಇದ್ದ ಹಾಗೆಯೇ ಬರೆದೆ ಕೂಡ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಚಿತ್ರ ಸೊಟ್ಟಗೆ ಕಂಡಿತು, ಎಲುಬಿನ ಪಾಠ ಬಾರದವಳು ಬರೆದಂತೆ. ಬಟ್ಟೆಯ ಚೂರಿನಿಂದ ಅಷ್ಟನ್ನು ಒರೆಸಿ, ಬಲಗಡೆಯ ಕುಳಿಯನ್ನು ನೋಡಿಕೊಂಡು ಎಡಗಡೆಗೂ ಒಂದು ಕುಳಿ ಬರೆದೆ. ಎರಡೂ ಹೆಗಲು ಸಮವಾದವು. ಅಂಗಿ ನೆಟ್ಟಗೆ ಕೂತಿತು.

ನನ್ನ ಪಕ್ಕದಲ್ಲಿ ಗುಡೂರಿನ ಹುಡುಗಿಯೊಬ್ಬಳು ಬರೆಯುತ್ತಿದ್ದಳು. ಅವಳ ಕೈ ಒರಟು, ನಾವೆಲ್ಲ ಅವಳನ್ನು ಚುಡಾಯಿಸುತ್ತಿದ್ದೆವು. ಅವಳು ಎಡಗಡೆ ಕಂಡದ್ದನ್ನು ಕಂಡ ಹಾಗೆಯೇ, ಒಂದು ಉಬ್ಬಾಗಿ ಬರೆದಿದ್ದಳು. ಸರ್ ಅವಳ ಬೋರ್ಡಿನ ಮುಂದೆ ನಿಂತು, "ಇಲ್ಲೇನು ಬಾತಂಗೈತಲ್ಲ?" ಎಂದು ಅಪ್ಪನ ಕಡೆ ತಿರುಗಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಬೆಳಕು ಕಿಡಕ್ಯಾಗಿಂದ ಬರ್ತೈತ್ರಿ ಸರ್, ಅದಕ್ಕ ಹಂಗ ಕಾಣತೈತಿ. ಆಕಿ ನೆರಳ ಹಾಕಿಲ್ಲ."

ಮಗಳೇ ಹೇಳುತ್ತಿದ್ದಾಳಲ್ಲ ಎಂದು ಸರ್ ಮುಂದಕ್ಕೆ ಹೋದರು. ಸ್ಟೂಲಿನ ಮೇಲೆ ಕೂತ ಅಪ್ಪನಿಗೆ ಈ ಮಾತೆಲ್ಲ ಕೇಳಿಸಿತ್ತು. ಅವನು ಅಲುಗಾಡಲಿಲ್ಲ.

ಪಾಠ ಮುಗಿದ ಮೇಲೆ ಅಪ್ಪ ಅಂಗಿ ತೊಟ್ಟು ಎಲ್ಲರ ಬೋರ್ಡುಗಳನ್ನು ನೋಡುತ್ತ ಬಂದ. ಗುಡೂರಿನವಳ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ನನ್ನದರ ಮುಂದೆ ಬಂದು, ಹಾಳೆಗೆ ತಾಗದಂತೆ ಬೆರಳು ತೋರಿಸಿ ಕೇಳಿದ:

"ಈ ಕಡೆನೂ ಕುಳಿ ಐತೇನವ್ವಾ?"

"ಇರತೈತಪ್ಪಾ. ಎಲ್ಲಾರಿಗೂ ಎರಡೂ ಕಡೆ ಇರತೈತಿ."

"ಖರೇನ?"

"ಖರೇ ಅಪ್ಪಾ. ಆಕಿಗೆ ಬರಿಯಾಕ ಬರಂಗಿಲ್ಲ ಬಿಡು."

ಅಪ್ಪ ನಕ್ಕು ನನ್ನ ತಲೆಯ ಮೇಲೆ ಕೈಯಿಟ್ಟ. ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಾಗ ಓಡಿಹೋಗಿ ಕರದಂಟು ತಂದ. ನನ್ನ ಚಿತ್ರ ಮೆಚ್ಚಿಗೆಯಾಯಿತು ಎಂದುಕೊಂಡು ನಾನು ದಾರಿಯುದ್ದಕ್ಕೂ ಅವನಿಗೆ ಎಲುಬುಗಳ ಹೆಸರು ಹೇಳುತ್ತ ಬಂದೆ.

ಮುಂದಿನ ಬೇಸಿಗೆಯಲ್ಲಿ ಅಪ್ಪನಿಗೆ ಉಂಡದ್ದು ನಿಲ್ಲದಂತಾಯಿತು. ಬಾಗಲಕೋಟೆಯ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಮುಟ್ಟುವ ಮೊದಲು ಕೊರಳಿನ ಬುಡಕ್ಕೆ ಹೆಬ್ಬೆರಳು ಒತ್ತಿದರು, ಎಡಗಡೆಗೆ.

"ಇದು ಯಾವಾಗಿಂದ ತುಂಬೇತ್ರಿ? ಮನ್ಯಾಗ ಯಾರೂ ನೋಡಿಲ್ಲೇನು?"

ನಾನು ಎರಡು ತಾಸು ನೋಡಿದ್ದೆ, ಕಣ್ಣು ಅರ್ಧ ಮುಚ್ಚಿ. ಅಪ್ಪ ನನ್ನ ಕಡೆ ನೋಡದೆ, "ಈಗೀಗರಿ ಸಾಹೇಬ್ರ, ಮೊದಲ ಇರಲಿಲ್ಲ," ಎಂದ. ಗಿರಾಕಿಯ ಐಬು ಮುಚ್ಚುವಾಗ ಅವನ ದನಿ ಹೀಗೇ ಇರುತ್ತಿತ್ತು.

ಹೊಟ್ಟೆಯಲ್ಲಿ ಹುಟ್ಟಿದ ಗಡ್ಡೆ ಕೊರಳಿನವರೆಗೂ ಬಂದಿತ್ತು. ಹೊರಗೆ ಕರೆದು ಡಾಕ್ಟರು ನನಗೆ ಹೇಳಿದರು: ಇದು ಕೊರಳಲ್ಲಿ ಕಾಣಿಸಿತೆಂದರೆ ಆಗಲೇ ತಡವಾಗಿರುತ್ತದೆ, ಮೊದಲೇ ಬಂದಿದ್ದರೆ ನೋವು ಕಡಿಮೆ ಮಾಡಬಹುದಿತ್ತು, ಕೆಲವು ತಿಂಗಳು ಸಿಗುತ್ತಿದ್ದವೇನೋ. ಹೇಗೂ ತಡವಾಗಿತ್ತು ಎಂದು ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ನನಗೆ ಸಮಾಧಾನವಾಗಿಲ್ಲ. ಅಪ್ಪನ ಕೆಲವು ತಿಂಗಳು ಅಂದರೆ ಏನು ಕಡಿಮೆಯೇ? ನಾನು ಚಿತ್ರ ಬರೆದ ಆ ಚಳಿಗಾಲದಲ್ಲಿ ನೋವಿಗೆ ಹಲ್ಲು ಕಚ್ಚಿಕೊಂಡು ಅವನು ಇಡೀ ಮದುವೆ ಸೀಸನ್ನಿನ ಕೋಟು ಹೊಲಿದಿದ್ದ.

ಆಮೇಲೆ ನಾನು ಚಾರ್ಟಿನಲ್ಲಿ ಕಲಿತ ಎಲುಬುಗಳೆಲ್ಲ ಒಂದೊಂದಾಗಿ ಅವನ ಮೈಮೇಲೆ ಎದ್ದು ಬಂದವು. ಮೈ ಕರಗಿದ ಹಾಗೆ ಅವನು ತನ್ನ ಅಂಗಿಗಳನ್ನು ತಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದ. ನೋಡಲು ಬಂದವರು, "ಅಂಥಾದ್ದೇನೂ ಆಗಿಲ್ಲ ಬಿಡ್ರಿ, ಚೆಂದ ಅದೀರಿ," ಎನ್ನುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಅಂಗಿ ಒಳಗೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟೋ ಸಲ ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು: ಅಪ್ಪಾ, ನಾನು ಅವತ್ತೇ ನೋಡಿದ್ದೆ, ತಪ್ಪಾಯಿತು. ಅವನು ಸೂಜಿಗೆ ದಾರ ಪೋಣಿಸಿ ಕೊಡು ಎನ್ನುತ್ತಿದ್ದ, ನಾನು ಪೋಣಿಸುತ್ತಿದ್ದೆ. ಹೇಳಲಿಲ್ಲ.

ನಾನೀಗ ಹುನಗುಂದದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಆ ಚಿತ್ರಕ್ಕೆ ಅವ್ವ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಅಪ್ಪನ ಫೋಟೋ ಇದ್ದರೂ ಅವಳು ದಿನಾ ವಿಭೂತಿ ಹಚ್ಚುವುದು ಇದಕ್ಕೇ. ಬಂದವರೆಲ್ಲ ಎಷ್ಟು ನೆಟ್ಟಗಿದ್ದರು ಎನ್ನುತ್ತಾರೆ, ಮಗಳ ಕೈಗುಣ ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಚುಚ್ಚುತ್ತದೆ. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ತಡೆಯಲಾಗದೆ ಅದನ್ನು ಗೋಡೆಯಿಂದ ಇಳಿಸಿದೆ. ಕಟ್ಟು ಬಿಚ್ಚಿ ಆ ಕುಳಿಯನ್ನು ಒರೆಸಿ, ಅಪ್ಪ ಇದ್ದ ಹಾಗೆ ಬರೆಯಬೇಕು, ಆಮೇಲೆ ಅವ್ವನಿಗೆ ಎಲ್ಲ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಎದ್ದು ಬಂದು ನನ್ನ ಕೈ ಹಿಡಿದಳು.

"ಅದನ್ನ ಮುಟ್ಟಬ್ಯಾಡ. ನಿಮ್ಮಪ್ಪಗ ಅದು ಭಾಳ ಧೈರ್ಯ ಕೊಟ್ಟೈತಿ."

"ಏನು ಧೈರ್ಯ ಅವ್ವಾ?"

ಅವ್ವ ನನ್ನ ಪಕ್ಕ ಕೂತಳು. ಬೈಗುಳವಿಲ್ಲ, ಸಿಟ್ಟಿಲ್ಲ. ನನ್ನನ್ನು ಹೊಗಳುವವಳಂತೆ ಹೇಳಿದಳು:

"ಅಂಗಿ ಕಾಲರ್ ಎಡಕ ಒತ್ತತೈತಿ ಅಂತ ಎರಡು ತಿಂಗಳಿಂದ ಅಂಜಿ ಕುಂತಿದ್ರು. ಟೇಪ್ ಹಿಡದು ಕೊರಳ ಅಳಕೊಳ್ಳೂದು, ಮತ್ತ ಅಳಕೊಳ್ಳೂದು. ದವಾಖಾನಿಗೆ ನಡೀರಿ ಅಂದ್ರ ಒಲ್ಲೆ ಅಂದ್ರು. ನಿನಗ ಹೇಳತೇನಿ ಅಂದೆ, ಬ್ಯಾಡ ಅಂದ್ರು. ನೀ ಮಾಡೆಲ್ ಬೇಕು ಅಂದ ದಿನ ನನಗ ಅಂದ್ರು ನೋಡು: ಮಗಳು ಎಲುಬಿನ ವಿದ್ಯಾ ಕಲಿಯಾಕತ್ತಾಳ, ಆಕಿ ಮುಂದ ಅಂಗಿ ಬಿಚ್ಚಿ ಕುಂಡ್ರತೇನಿ. ಆಕಿ ಕಣ್ಣಿಗೆ ಬಿತ್ತಂದ್ರ ದವಾಖಾನಿಗೆ ಹೋಗೂಣು. ಬೀಳಲಿಲ್ಲಂದ್ರ ಏನೂ ಇಲ್ಲಂತ ತಿಳಕೊಳ್ಳೂಣು."

ನನ್ನ ಕೈಯಲ್ಲಿ ಚಿತ್ರವಿತ್ತು.

"ಆವತ್ತ ಮನಿಗೆ ಬಂದು ಏನು ಖುಷಿ ಅಂತಿ! ಆಕಿ ಎರಡೂ ಕಡೆ ಸಮ ಬರದಾಳ, ನನಗೇನೂ ಆಗಿಲ್ಲ ಅಂದ್ರು. ಎರಡು ತಿಂಗಳಿಂದ ಒಂದು ರೊಟ್ಟಿ ಉಣ್ಣಾಕ ತ್ರಾಸು ಮಾಡಕೊಳ್ಳವ್ರು, ಆವತ್ತ ಇನ್ನೊಂದು ನೀಡು ಅಂತ ಕೇಳಿ ಉಂಡ್ರು."