ಇಲ್ಲದ ವಾಸನೆ

ವಾಸನೆ ಹೋಗಿತ್ತು. ಪೂರ್ತಿಯಾಗಿ ಹೋಗಿತ್ತು. ಇನ್ನೂ ಬರುತ್ತಿದೆ ಎಂದು ನನ್ನ ಗಂಡನಿಗೆ ನಾನು ಸುಳ್ಳು ಹೇಳಿದೆ — ಬಾಯಿತಪ್ಪಿ ಅಲ್ಲ, ಯೋಚಿಸಿ, ಮತ್ತೆ ಮತ್ತೆ. ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ಬೈಯುವವರು ಬೈಯಲಿ. ನಾಚಿಕೆಯಿರುವುದು ಬೇರೆಯದಕ್ಕೆ — ಅದಕ್ಕೂ ಬರುತ್ತೇನೆ.

ಪ್ರಹ್ಲಾದ ಧಾರವಾಡದವರು, ನಾನೂ ಅಲ್ಲಿಯವಳೇ. ದೇಶ ಬಿಟ್ಟು ಬಂದು ಇಲ್ಲಿ ಅಕ್ಸ್‌ಬ್ರಿಡ್ಜ್‌ನಲ್ಲಿ ಮನೆ ಮಾಡಿ ಬಹಳ ವರ್ಷವಾಯಿತು. ಅವರು ಆಗ ಪಾರ್ಕ್ ರಾಯಲ್‌ನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಏನಾದರೂ ಕೆಟ್ಟಿದೆ ಎಂದರೆ ಬಿಚ್ಚಿ ನೋಡದೆ ಇರಲಾರದ ಮನುಷ್ಯ. ನಮ್ಮ ಹಳೆಯ ಪೆಟ್ರೋಲ್ ಕಾರಿನ ಒಂದೊಂದು ಬೋಲ್ಟೂ ಅವರಿಗೆ ಪರಿಚಯವಿತ್ತು.

ಕೋವಿಡ್ ಬಂದು ಹೋದ ಮೇಲೆ ಅವರ ಮೂಗು ಸತ್ತಿತ್ತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಹಾಗಾಗಿ ಕಾರಿನೊಳಗೆ ಪೆಟ್ರೋಲ್ ವಾಸನೆ ಶುರುವಾದಾಗ ಹೇಳಿದವಳು ನಾನು. ಹುಡುಕಲು ಬೇಕಾದದ್ದೂ ನನ್ನ ಮೂಗೇ. ಅವರು ಬಾನೆಟ್ ಎತ್ತಿ ಪೈಪುಗಳನ್ನು ಒಂದೊಂದಾಗಿ ನೋಡಿದರು — ಅಲ್ಲಿರಲಿಲ್ಲ. ಹಿಂದಿನ ಸೀಟು ತೆಗೆದು ಪೆಟ್ರೋಲ್ ಪಂಪಿನ ಮುಚ್ಚಳಕ್ಕೆ ಹೊಸ ರಬ್ಬರ್ ರಿಂಗ್ ಹಾಕಿದರು — ಹೋಗಲಿಲ್ಲ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಹೆಚ್ಚು ಎಂದು ನನಗೆ ಹೊಳೆಯಿತು. ಅಷ್ಟು ಸಾಕಾಯಿತು ಅವರಿಗೆ. ಹಿಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವಚ ತೆಗೆದು, "ಬಾ, ಮೂಗು ಒಳಗ ಹಾಕು" ಎಂದರು.

ನಾನು ನೆಲಕ್ಕೆ ಮಂಡಿಯೂರಿ ತಲೆ ತೂರಿಸಿದೆ. "ಇಲ್ಲೇ ಅದ ರೀ!"

ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪು. ಅದರ ಕೆಳಮೈ ಸಣ್ಣಗೆ ಬಿರಿದು ಒದ್ದೆಯಾಗಿತ್ತು. ಅವರು ನಕ್ಕರು. ನಾನೂ ನಕ್ಕೆ. ಅಷ್ಟು ಹತ್ತಿರ ನಾವು ಕೂತು ಎಷ್ಟು ಕಾಲವಾಗಿತ್ತೋ — ಈ ಮಾತನ್ನು ಬರೆಯದೆ ಬಿಟ್ಟರೆ ನನ್ನ ತಪ್ಪಿನ ತೂಕ ನಿಮಗೆ ತಿಳಿಯುವುದಿಲ್ಲ.

ಆದರೆ ಅದೇ ದಿನಗಳಲ್ಲಿ ಅವರು ಕಾರು ಓಡಿಸುತ್ತಲೇ ನಿದ್ದೆ ಹೋಗುತ್ತಿದ್ದರು. ಒಮ್ಮೆ ಸಿಗ್ನಲ್‌ನಲ್ಲಿ, ಹಿಂದಿನವರು ಹಾರ್ನ್ ಹೊಡೆದಾಗ ಎಚ್ಚರವಾಯಿತು. ಆಮೇಲೊಂದು ಶನಿವಾರ ಟೂಟಿಂಗ್‌ನಲ್ಲಿ ದೋಸೆ ತಿಂದು ಮರಳುವಾಗ, ಹಾಡಹಗಲೇ, ಕಾರು ಪಕ್ಕದ ತಡೆಗೋಡೆಯತ್ತ ಸರಿಯತೊಡಗಿತು. ಸ್ಟಿಯರಿಂಗ್ ಹಿಡಿದು ತಿರುಗಿಸಿದವಳು ನಾನು. ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಮೈತ್ರಿ ಇದ್ದಳು.

"ಬಿಸಿಲು ಕಣ್ಣಿಗೆ ಹೊಡೀತು," ಎಂದರು. ಜಿಪಿ ಡಾಕ್ಟರ ಹತ್ತಿರ ಹೋಗೋಣ ಎಂದೆ, ನಕ್ಕರು. ಕಣ್ಣೀರಿಟ್ಟೆ, ರೇಗಿದೆ, ಕೀಲಿ ಬಚ್ಚಿಟ್ಟೆ — ಮನೆಯಲ್ಲಿ ಇನ್ನೊಂದು ಕೀಲಿಯಿತ್ತು. ಬೇಡಿಕೊಂಡು ಸೋತವಳು ಏನು ಮಾಡಬೇಕಿತ್ತು?

ಹೊಸ ಪೈಪು ಬಂತು. ಹಾಕಿದರು, ಕ್ಲಿಪ್ಪು ಬಿಗಿದರು, ಟ್ಯಾಂಕ್ ತುಂಬಿಸಿಕೊಂಡು ಬಂದು ನನ್ನ ಮುಂದೆ ನಿಂತರು. "ಈಗ ನೋಡು. ಬರ್ತದೇನು?"

ಕಾರಿನೊಳಗೆ ಹಳೆಯ ಬಟ್ಟೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನಾನು ನಿಧಾನವಾಗಿ ಉಸಿರೆಳೆದುಕೊಂಡೆ.

"ಬರ್ತದ ರೀ. ಮೊದಲಿಗಿಂತ ಜಾಸ್ತಿನ ಬರ್ತದ."

ಅವರು ಪೈಪು ಬಿಚ್ಚಿ ಮತ್ತೆ ಹಾಕಿದರು. ಇನ್ನೊಂದು ವಾರ ಟ್ಯಾಂಕನ್ನೇ ಇಳಿಸಿದರು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. "ಐ ಕಾಂಟ್ ಸ್ಮೆಲ್ ಎನಿಥಿಂಗ್," ಎಂದಳು ಮೈತ್ರಿ. ನಿನಗೆ ನೆಗಡಿ ಎಂದು ಅವಳ ಬಾಯಿ ಮುಚ್ಚಿಸಿದೆ. ಗ್ಯಾರೇಜಿನವನು ಪರೀಕ್ಷಿಸಿ ಎಲ್ಲ ಸರಿಯಿದೆ ಎಂದ. ದಿನವಿಡೀ ಪೆಟ್ರೋಲಿನಲ್ಲೇ ಇರುವವನಿಗೆ ಏನು ತಿಳಿದೀತು ಎಂದೆ. ಗ್ಯಾರೇಜಿನವನನ್ನು ಬಿಟ್ಟು ಅವರು ನನ್ನನ್ನು ನಂಬಿದರು. ಕೊನೆಗೆ, "ಕೂಸು ಕೂಡೋ ಗಾಡಿ, ಬ್ಯಾಡ," ಎಂದು ಅವರೇ ಅದನ್ನು ಗುಜರಿಗೆ ಕಳಿಸಿದರು. ಬೇರೆ ಕಾರು ತರುವ ಮಾತೆತ್ತಲಿಲ್ಲ. ಟ್ಯೂಬ್ ರೈಲು, ಬಸ್ಸುಗಳಲ್ಲೇ ಓಡಾಡಿದೆವು. ನಾನು ನೆಮ್ಮದಿಯಿಂದ ಮಲಗಿದೆ. ಹೌದು, ಮಲಗಿದೆ.

ಮುಂದಿನ ವರ್ಷ ಬೇರೇನೋ ತೊಂದರೆಗೆ ಆಸ್ಪತ್ರೆಗೆ ಹೋದಾಗ ಆ ನಿದ್ದೆಯ ಕಾರಣವೂ ತಿಳಿಯಿತು. ಮಲಗಿದಾಗ ಅವರ ಉಸಿರು ಕಟ್ಟುತ್ತಿತ್ತಂತೆ. ರಾತ್ರಿ ಮುಖಕ್ಕೆ ಹಾಕಿಕೊಳ್ಳುವ, ಗಾಳಿ ಊದುವ ಮಾಸ್ಕ್ ಕೊಟ್ಟರು, ಹಗಲಿನ ತೂಕಡಿಕೆ ಹೋಯಿತು, ಗಾಡಿ ಓಡಿಸಬಹುದು ಎಂದೂ ಹೇಳಿದರು. ನಾನು ಹೆದರಿದ್ದು ಸುಳ್ಳಲ್ಲ ಎಂದಾಯಿತು. ಅಂದೇ ಬಾಯಿ ಬಿಡಬೇಕಿತ್ತು. ಸುಳ್ಳಿಗೆ ಇದ್ದ ಒಂದೇ ಕಾರಣ ಮುಗಿದಿತ್ತು — ಆದರೂ ಬಿಡಲಿಲ್ಲ. ಜಾಣೆ ಎನಿಸಿಕೊಂಡು ಕೂತಿದ್ದೆ, ನನ್ನೊಳಗೇ.

ಅಷ್ಟರಲ್ಲಿ ಅವರು ಬದಲಾಗಿದ್ದರು. ನಲ್ಲಿ ಸೋರಿದರೆ ಪ್ಲಂಬರ್‌ಗೆ ಫೋನ್ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ರಿಪೇರಿಯ ಕೆಲಸ ಬಿಟ್ಟು ಪ್ಯಾಕಿಂಗ್ ಮೇಲ್ವಿಚಾರಣೆ ಕೇಳಿ ಪಡೆದರು. ವಯಸ್ಸಾಯಿತು ಎಂದರು, ನಾನು ನಂಬಿದಂತೆ ನಟಿಸಿದೆ.

ಹೋದ ಭಾನುವಾರ ಮೈತ್ರಿಯ ಸೈಕಲ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಅಂಗಡಿಗೆ ಕೊಡು ಎಂದರು. "ಅಪ್ಪಾ, ಯು ಯೂಸ್ಡ್ ಟು ಫಿಕ್ಸ್ ಎವ್ರಿಥಿಂಗ್!" ಎಂದಳು ಅವಳು.

"ರಿಪೇರಿ ಕೆಲಸ ಬರ್ತದ ಅಂತ ತಿಳಕೊಂಡಿದ್ದೆ ಪುಟ್ಟಿ," ಎಂದರು ಅವರು, ಸಿಟ್ಟಿಲ್ಲದೆ. "ಬರ್ತಿರಲಿಲ್ಲ."

ಮಗಳು ಸೈಕಲ್ ತಳ್ಳಿಕೊಂಡು ಹೋದ ಮೇಲೆ ನಾನು ಹೇಳಿದೆ. ಎಲ್ಲವನ್ನೂ. ಅವರು ಚಹಾದ ಕಪ್ಪು ಹಿಡಿದೇ ಕೇಳಿಸಿಕೊಂಡರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಕೇಳಿದ್ದು ಒಂದೇ.

"ಹಂಗಾದ್ರ... ಪೈಪು ಸರಿಯಾಗೇ ಕೂತಿತ್ತು?"

"ಹೌದು ರೀ. ಮೊದಲನೇ ಸಲಕ್ಕೇ."

ಕಪ್ಪು ಕೆಳಗಿಟ್ಟು, ಕೋಟು ಹಾಕಿಕೊಂಡು ಹೊರಗೆ ನಡೆದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಧಡಾರನೆ ಹಾಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ನಮ್ಮ ನಡುವೆ ಅಗತ್ಯವಿದ್ದಷ್ಟೇ ಮಾತು.

ಕಾರು ಬಿಡಿಸಿದ್ದಕ್ಕೆ ಯಾರೇ ಕೇಳಲಿ, ಎದುರು ನಿಂತು ಹೇಳುತ್ತೇನೆ — ಇವತ್ತಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಮಾಸ್ಕ್ ಬಂದ ಮೇಲಿನ ಆ ವರ್ಷಗಳು — ಅವರು ತಮ್ಮ ಕೈಯನ್ನೇ ನಂಬದೆ ಕಳೆದ ವರ್ಷಗಳು — ನನ್ನ ನಾಚಿಕೆಯೆಲ್ಲ ಅವಕ್ಕೇ. ನೆವ ಹುಡುಕುವುದಿಲ್ಲ.