ನೆಲಕ್ಕಿಟ್ಟು ಹೋದ ಮೊಳೆ

ದೃಷ್ಟಿ, ಗಾಳಿ ಸೋಂಕು, ದೆವ್ವ ಇವನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಐದು ವರ್ಷದ ಹಿಂದಿನ ಆ ಮಧ್ಯಾಹ್ನದ ಮಾತು ಬಂದರೆ ನಾನು ವಾದಕ್ಕಿಳಿಯುವುದಿಲ್ಲ.

ಆಗ ನನ್ನ ಹೆಂಡತಿ ಸುಧಾ ಏಳು ತಿಂಗಳ ಬಸುರಿ. ಮೊದಲ ಬಸಿರು ನಿಂತಿರಲಿಲ್ಲ, ಹಾಗಾಗಿ ಇಬ್ಬರಿಗೂ ಒಳಗೊಳಗೇ ಭಯ. ಬಸುರಿ ಹೊರಗೆ ಹೋಗುವಾಗ ಕಬ್ಬಿಣ ಜೊತೆಗಿರಬೇಕೆಂದು ಅತ್ತೆ ಹುಬ್ಬಳ್ಳಿಯಿಂದ ಮನೆಬಾಗಿಲಿನ ಹಳೆಯ ಮೊಳೆಯೊಂದನ್ನು ಕಳಿಸಿದ್ದರು. ತುಕ್ಕು ಹಿಡಿದ ಬೆರಳುದ್ದದ ಮೊಳೆ. ಜೊತೆಗೆ ಟಿಟಿ ಇಂಜೆಕ್ಷನ್ನನ್ನೂ ಕಳಿಸಬೇಕಿತ್ತು ಎಂದು ನಾನು ಛೇಡಿಸುತ್ತಿದ್ದೆ.

ನನಗೆ ಜಿಯೋಕ್ಯಾಶಿಂಗ್ ಹುಚ್ಚು. ಯಾರೋ ಎಲ್ಲೋ ಡಬ್ಬಿ ಬಚ್ಚಿಟ್ಟು ಜಾಗವನ್ನು ಫೋನಿನ ನಕ್ಷೆಗೆ ಹಾಕಿರುತ್ತಾರೆ. ಹುಡುಕಿದವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಒಂದು ವಸ್ತು ತೆಗೆದುಕೊಂಡರೆ ಇನ್ನೊಂದನ್ನು ಇಡಬೇಕು. ಆ ದಿನದ ಡಬ್ಬಿ ಇದ್ದದ್ದು ಅಮೆರಿಕದಲ್ಲಿ ನಾವಿರುವ ಡಲ್ಲಾಸಿನಿಂದ ಪೂರ್ವಕ್ಕೆ ಮೂರು ತಾಸಿನ ದಾರಿ, ಪೈನ್ ಕಾಡಿನೊಳಗಿನ ಒಂದು ಪಾಳು ಕುಲುಮೆಯಲ್ಲಿ. ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ ಅಮೆರಿಕದ ಪೂರ್ವ ತೀರದಲ್ಲಿ ಕಲ್ಲಿನ ಗೂಡು ಕಟ್ಟಿ ಇದ್ದಿಲಿನಿಂದ ಅದಿರು ಕರಗಿಸುತ್ತಿದ್ದರಲ್ಲ, ಅದೇ ವಿದ್ಯೆ ಮುಂದೆ ಇಲ್ಲಿಗೂ ಬಂದಿತ್ತು. ಆ ಗೂಡು ತಣ್ಣಗಾಗಿ ಎಷ್ಟು ತಲೆಮಾರಾಯಿತೋ.

ಸುಧಾ ಮರದ ನೆರಳಲ್ಲಿ ನಿಲ್ಲಿಸಿದ್ದ ಕಾರಿನಲ್ಲೇ ಒರಗಿದ್ದಳು. ಡಬ್ಬಿಯಲ್ಲಿಡಲು ನಾನೇನೂ ತಂದಿರಲಿಲ್ಲ. ಕುಲುಮೆಗೆ ಕಬ್ಬಿಣವೇ ಸರಿ ಎಂಬ ಕಿಡಿಗೇಡಿತನದಲ್ಲಿ ಅವಳಿಗೆ ಹೇಳದೆ ಅವಳ ಪರ್ಸಿನಲ್ಲಿದ್ದ ಆ ಮೊಳೆ ಎತ್ತಿಕೊಂಡು ಹೋದೆ. ಡಬ್ಬಿ ಸುಲಭವಾಗಿ ಸಿಕ್ಕಿತು. ಅದರಲ್ಲಿದ್ದ, ಅದಿರು ಕರಗಿಸಿದಾಗ ಉಳಿಯುವ ಗಾಜಿನಂಥ ಕಿಟ್ಟದ ಚೂರು ತೆಗೆದುಕೊಂಡು ಮೊಳೆ ಇಟ್ಟು, ಹೆಸರು ಬರೆದು ಹತ್ತು ನಿಮಿಷದಲ್ಲಿ ವಾಪಸಾದೆ.

ಸುಧಾಳ ಮುಖ ಬಿಳಿಚಿಕೊಂಡಿತ್ತು. "ಕೂಸು ಮಿಸುಕಾಡವಲ್ದು ನೋಡ್ರಿ. ದಾರ್ಯಾಗೆಲ್ಲ ಒದಿತಿತ್ತು, ನೀವು ಹೋದಾಗಿಂದ ಸುಮ್ಮನ ಐತಿ," ಎಂದಳು. ಜ್ಯೂಸ್ ಕುಡಿದರೂ ಇಲ್ಲ. ಪರ್ಸಿಗೆ ಕೈ ಹಾಕಿದಳು, ಮೊಳೆ ಇಲ್ಲ. ನಾನು ನಿಜ ಹೇಳಿದೆ. ಆಸ್ಪತ್ರೆಗೆ ಹೋಗೋಣವೆಂದು ಕಾರು ಸ್ಟಾರ್ಟ್ ಮಾಡಿದರೆ, "ಮೊದ್ಲ ಅದನ್ನ ತಂದ್ಕೊಡ್ರಿ," ಎಂದು ಅತ್ತಳು.

ಓಡಿದೆ. ಡಬ್ಬಿ ಇಟ್ಟಲ್ಲೇ ಇತ್ತು, ಮೊಳೆ ಇರಲಿಲ್ಲ. ಪುಸ್ತಕದಲ್ಲಿ ಕೊನೆಯ ಹೆಸರು ನನ್ನದೇ. ಇದ್ದದ್ದೊಂದೇ ಕಾಲುದಾರಿ, ಯಾರೂ ಎದುರಾಗಿರಲಿಲ್ಲ. ಬರಿಗೈಯಲ್ಲಿ ತಿರುಗಿ ಬಂದೆ.

ಸುಧಾ ಕಾರಿನ ಹೊರಗೆ ನಿಂತಿದ್ದಳು, ಹೊಟ್ಟೆಯ ಮೇಲೆ ಕೈ. "ಒದಿಯಾಕತ್ತೈತ್ರಿ. ಆ ಅಂಕಲ್‌ನ ನೀವ ಕಳಿಸಿದ್ರೇನು?"

ಮೈತುಂಬ ಇದ್ದಿಲ ಪುಡಿ ಮೆತ್ತಿದ ಮುದುಕನೊಬ್ಬ ಮರಗಳ ನಡುವಿನಿಂದ ಬಂದನಂತೆ. ಅವಳು ಕೈಯೊಡ್ಡಿದರೂ ಕೈಗೆ ಕೊಡದೆ, ಮೊಳೆಯನ್ನು ನೆಲಕ್ಕಿಟ್ಟು ಹೋದನಂತೆ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದೆಂಬುದು ನಮ್ಮ ಮನೆಗಳ ಪದ್ಧತಿ. ಅವನಿಗೆ ಹೇಗೆ ಗೊತ್ತು? ಅಥವಾ ಸುಡುತ್ತಿದೆಯೆಂದು ಕೊಡಲಿಲ್ಲವೋ? ಸುಧಾ ಅದನ್ನು ದುಪಟ್ಟಾದಲ್ಲಿ ಹಿಡಿದೆತ್ತಿದ್ದಳು. ಬಟ್ಟೆಯಲ್ಲಿ ಸುಟ್ಟ ತೂತಿತ್ತು. ಮೊಳೆಯ ಮೇಲೆ ತುಕ್ಕೇ ಇರಲಿಲ್ಲ.

ಅಂದು ಸಂಜೆ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ಮಗು ನಿದ್ದೆ ಮಾಡಿರಬೇಕು ಎಂದರು. ಇರಬಹುದು. ಆ ದುಪಟ್ಟಾ ಮಾತ್ರ ತೂತಿನ ಸಮೇತ ಇವತ್ತಿಗೂ ನಮ್ಮ ಕಪಾಟಿನಲ್ಲಿದೆ.

ಆ ಕೂಸು ಈಗ ಶಾಲೆಗೆ ಹೋಗುತ್ತದೆ, ಸುಧಾ ಮತ್ತೆ ಬಸುರಿ. ಮೊನ್ನೆ ಚೆಕಪ್‌ಗೆ ಹೊರಟಾಗ ಮರೆಯದೆ ಮೊಳೆ ತಂದವನು ನಾನೇ. ಅವಳು ಕೈಯೊಡ್ಡಿದಳು. ನಾನು ನೆಲಕ್ಕಿಟ್ಟೆ.